ಅಂಕಿ ಮುಚ್ಚಿ, ಪ್ರಶ್ನೆ ಓದಿ: ತೆರಿಗೆ ಸಮೀಕ್ಷೆಗಳನ್ನು ಬಿಡಿಸಿ ನೋಡುವ ಬಗೆ

ಅಮೆರಿಕದ ಜನರು ತಮ್ಮ ರಾಜ್ಯದ ತೆರಿಗೆಯನ್ನು ಬೈದದ್ದನ್ನು ಓದಿ ಹನ್ನೊಂದು ವರ್ಷ ಸಂಬಳ ಪಡೆದವಳು ನಾನು. ಸಮೀಕ್ಷೆಯಲ್ಲಿ ‘ಹೌದು’, ‘ಇಲ್ಲ’ ಎಂಬ ಉತ್ತರಗಳನ್ನು ಯಂತ್ರ ಎಣಿಸುತ್ತದೆ. ‘ನಿಮ್ಮ ಮಾತಿನಲ್ಲೇ ಹೇಳಿ’ ಎಂದಾಗ ಬರುವ ಉತ್ತರಗಳನ್ನು ಆಗ ಮನುಷ್ಯರೇ ಓದಿ, ಒಂದೊಂದಕ್ಕೂ ಸಂಖ್ಯೆ ಹಚ್ಚಬೇಕಾಗಿತ್ತು. ನಮ್ಮ ಕೆಲಸ ಅದು. ಅವರ ಹಗಲು, ನಮ್ಮ ರಾತ್ರಿ ಪಾಳಿ.

ರಾಜ್ಯದ ಬಜೆಟ್ ಕೊರತೆ ತುಂಬಲು ಯಾವ ಖರ್ಚು ಕಡಿಮೆ ಮಾಡಬೇಕು ಎಂಬ ಪ್ರಶ್ನೆ ಬಂತೆಂದರೆ ‘ಇವತ್ತು 11ರ ರಾತ್ರಿ’ ಎಂದು ನಾವು ನಗುತ್ತಿದ್ದೆವು. ನಮ್ಮ ಪಟ್ಟಿಯಲ್ಲಿ 11 ಎಂದರೆ ‘ಪೋಲು’. ಸಾಲುಸಾಲಾಗಿ ಅದೇ: ಪೋಲು ನಿಲ್ಲಿಸಿ, ದುಂದು ನಿಲ್ಲಿಸಿ, ತಿನ್ನುವವರನ್ನು ಓಡಿಸಿ. ಒಬ್ಬರು ಬರೆಸಿದ್ದು ಇಂದಿಗೂ ನೆನಪಿದೆ: ‘ಪೋಲು ಖರ್ಚು ನಿಲ್ಲಿಸಿ. ಆದರೆ ನಮ್ಮ ರಸ್ತೆಗೆ ಬರುವ ಹಿಮ ತೆಗೆಯುವ ಲಾರಿಯನ್ನು ಮಾತ್ರ ಮುಟ್ಟಬೇಡಿ.’ ನಾನು 11 ಹಚ್ಚಿದೆ. ಲಾರಿಗೆ ನಮ್ಮ ಪಟ್ಟಿಯಲ್ಲಿ ಸಂಖ್ಯೆಯೇ ಇರಲಿಲ್ಲ. ವರದಿ ಹೊರಬಿದ್ದಾಗ ಅದರ ತಲೆಬರಹ ‘ಹೆಚ್ಚಿನವರು ಖರ್ಚು ಕಡಿತದ ಪರ’ ಎಂದಿತ್ತು.

ಇಂಥ ವರದಿ ಓದುವಾಗ ಆ ಲಾರಿಯನ್ನು ಹುಡುಕಿ ತೆಗೆಯುವುದು ಹೇಗೆ ಎಂಬುದಷ್ಟೇ ಈ ಬರಹ. ಉದಾಹರಣೆಗಳು ಅಮೆರಿಕದ ರಾಜ್ಯಗಳವು. ನಾನು ಬಲ್ಲದ್ದು ಅವನ್ನೇ. ಅಲ್ಲಿ ಈ ಪ್ರಶ್ನೆಗೆ ತೂಕವೂ ಹೆಚ್ಚು. ಕೇಂದ್ರ ಸರ್ಕಾರ ಸಾಲ ಮಾಡಿ ವರ್ಷ ದೂಡಬಹುದು. ರಾಜ್ಯಗಳು ಹಾಗಲ್ಲ, ವರ್ಮಾಂಟ್ ಒಂದನ್ನು ಬಿಟ್ಟರೆ ಉಳಿದೆಲ್ಲ ರಾಜ್ಯಗಳಲ್ಲೂ ಬಜೆಟ್ ಸರಿದೂಗಲೇಬೇಕೆಂಬ ಒಂದಲ್ಲ ಒಂದು ನಿಯಮವಿದೆ.

ವರದಿ ಕೈಗೆ ಬಂದೊಡನೆ ತಲೆಬರಹವನ್ನೂ ಅಂಕಿಗಳ ಚಿತ್ರವನ್ನೂ ಅಂಗೈಯಿಂದ ಮುಚ್ಚಿ. ನೇರವಾಗಿ ಕೊನೆಯ ಪುಟಗಳಿಗೆ ಹೋಗಿ. ನೆಟ್ಟಗೆ ಕೆಲಸ ಮಾಡುವ ಸಂಸ್ಥೆಯಾದರೆ ಪ್ರಶ್ನೆಗಳನ್ನು ಕೇಳಿದ ಪದಗಳಲ್ಲೇ, ಕೇಳಿದ ಕ್ರಮದಲ್ಲೇ ಅಲ್ಲಿ ಮುದ್ರಿಸಿರುತ್ತದೆ. ಮುದ್ರಿಸಿಲ್ಲವೇ? ವರದಿಯನ್ನು ಅಲ್ಲಿಗೇ ಕೆಳಗಿಡಿ. ನಾನಂತೂ ಮುಂದೆ ಓದುವುದಿಲ್ಲ.

ಪ್ರಶ್ನೆ ಸಿಕ್ಕಿದರೆ ಅದಕ್ಕೆ ಬೆಲೆಚೀಟಿ ಕಟ್ಟಿದೆಯೇ ನೋಡಿ, ಅಂದರೆ ಕೇಳಿದ್ದಕ್ಕೆ ತೆರಬೇಕಾದ ಬೆಲೆಯನ್ನೂ ಅದು ಹೇಳುತ್ತದೆಯೇ ಎಂದು. ‘ನಿಮ್ಮ ತೆರಿಗೆ ಹೆಚ್ಚೋ, ಸರಿಯೋ, ಕಡಿಮೆಯೋ?’ ಎಂಬ ಪ್ರಶ್ನೆಗೆ ಚೀಟಿಯಿಲ್ಲ. ಗ್ಯಾಲಪ್ ಸಂಸ್ಥೆ ಇದನ್ನು ಕೇಂದ್ರದ ಆದಾಯ ತೆರಿಗೆಯ ಬಗ್ಗೆ 1940ರ ದಶಕದಿಂದಲೂ ಕೇಳುತ್ತಾ ಬಂದಿದೆ. ‘ಕಡಿಮೆ’ ಎನ್ನುವವರು ಎಂದೂ ಬೆರಳೆಣಿಕೆಯಷ್ಟೇ. ‘ಶಾಲೆಗಳಿಗೆ ಇನ್ನಷ್ಟು ಹಣ ಕೊಡಬೇಕೇ?’ ಎಂಬುದಕ್ಕೂ ಚೀಟಿಯಿಲ್ಲ, ಅಲ್ಲಿ ‘ಹೌದು’ಗಳ ಸುರಿಮಳೆ. ಎರಡನ್ನೂ ಅಕ್ಕಪಕ್ಕ ಇಟ್ಟು ‘ಜನರಿಗೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು’ ಎಂದು ನಗುವ ಅಂಕಣಕಾರರನ್ನು ಬೇಕಾದಷ್ಟು ಕಂಡಿದ್ದೇನೆ. ಕೇಳಿದವರೇ ಎರಡನ್ನೂ ಬೇರೆ ಬೇರೆಯಾಗಿ ಕೇಳಿ, ಕೊನೆಗೆ ಉತ್ತರಿಸಿದವರ ಮೇಲೆ ಗೂಬೆ ಕೂರಿಸುವುದು ಯಾವ ನ್ಯಾಯ? ಅಂಗಡಿಯಲ್ಲಿ ಬೆಲೆ ಹೇಳದೆ ‘ಬೇಕೇ?’ ಎಂದು ಕೇಳಿದರೆ ಯಾರು ಬೇಡವೆನ್ನುತ್ತಾರೆ?

ಚೀಟಿ ಕಟ್ಟಿದ ಪ್ರಶ್ನೆ ಹೇಗಿರುತ್ತದೆ ಎಂದು ತಿಳಿಯಲು ಕ್ಯಾಲಿಫೋರ್ನಿಯಾ ಒಳ್ಳೆಯ ಪಾಠಶಾಲೆ. ಅಲ್ಲಿ ತೆರಿಗೆಯ ಪ್ರಶ್ನೆಗಳು ಸಮೀಕ್ಷೆಯಲ್ಲಿ ಮಾತ್ರವಲ್ಲ, ಮತಪತ್ರದ ಮೇಲೂ ಬರುತ್ತವೆ. 2009ರ ಮೇ 19ರಂದು ಅಲ್ಲಿನ ಸರ್ಕಾರ ಖೋತಾ ಬಜೆಟ್‌ನಿಂದ ಪಾರಾಗಲು ಆರು ಪ್ರಸ್ತಾವಗಳನ್ನು ಜನರ ಮುಂದಿಟ್ಟಿತು. ತಾತ್ಕಾಲಿಕ ತೆರಿಗೆ ಏರಿಕೆಯನ್ನು ಮುಂದುವರಿಸುವುದು, ಮುಂದೆ ಬರಲಿರುವ ಲಾಟರಿ ಆದಾಯದ ಮೇಲೆ ಈಗಲೇ ಸಾಲ ಎತ್ತುವುದು, ಮಕ್ಕಳ ಮತ್ತು ಮಾನಸಿಕ ಆರೋಗ್ಯದ ನಿಧಿಯಿಂದ ಹಣ ತಿರುಗಿಸುವುದು ಇತ್ಯಾದಿ. ಐದನ್ನು ಜನ ಸಾರಾಸಗಟಾಗಿ ತಳ್ಳಿಹಾಕಿದರು. ಆರನೆಯದು ಗೆದ್ದಿತು, ಅದೂ ನಾಲ್ವರಲ್ಲಿ ಮೂವರ ಸಮೀಪದ ಬೆಂಬಲದಿಂದ: ಕೊರತೆಯ ವರ್ಷಗಳಲ್ಲಿ ಶಾಸಕರ ಸಂಬಳ ಏರಿಸಕೂಡದು! ಆ ಉಳಿತಾಯ ಕೊರತೆಯ ಎದುರು ಸಮುದ್ರಕ್ಕೆ ಬಿದ್ದ ಹನಿ. ಅದೇ ಜುಲೈ ತಿಂಗಳಲ್ಲಿ ರಾಜ್ಯ ತನ್ನ ಬಾಕಿದಾರರಿಗೆ ಹಣದ ಬದಲು ‘ಮುಂದೆ ಕೊಡುತ್ತೇವೆ’ ಎಂಬ ಚೀಟಿ ಬರೆದುಕೊಟ್ಟಿತು.

ಇದನ್ನು ‘ಜನರಿಗೆ ತೆರಿಗೆ ಎಂದರೆ ಆಗದು’ ಎಂದು ಓದಿದವರು 2012ರ ನವೆಂಬರ್‌ನಲ್ಲಿ ಎಡವಿದರು. ಆಗ ಅದೇ ಮತದಾರರ ಮುಂದೆ 30ನೆಯ ಪ್ರಸ್ತಾವ ಬಂತು. ಮಾರಾಟ ತೆರಿಗೆ ನಾಲ್ಕು ವರ್ಷಗಳ ಮಟ್ಟಿಗೆ ಶೇಕಡಾ ಕಾಲು ಅಂಶದಷ್ಟು ಮೇಲೆ; ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ಗೂ ಹೆಚ್ಚು ಗಳಿಸುವವರ ಆದಾಯ ತೆರಿಗೆ ಏಳು ವರ್ಷ ಮೇಲೆ. ಇದು ಬಿದ್ದುಹೋದರೆ ಸುಮಾರು 600 ಕೋಟಿ ಡಾಲರ್ ಕಡಿತ, ಅದರಲ್ಲಿ ಹೆಚ್ಚು ಪಾಲು ಶಾಲೆಗಳಿಗೆ ಎಂಬುದೂ ಮೊದಲೇ ನಿಗದಿಯಾಗಿತ್ತು. ‘ಹೌದು’ ಎಂದರೆ ಎಷ್ಟು, ‘ಇಲ್ಲ’ ಎಂದರೆ ಎಷ್ಟು, ಎರಡೂ ಕಡೆ ಬೆಲೆಚೀಟಿ. ಸುಮಾರು ಶೇ 55ರಷ್ಟು ಮಂದಿ ‘ಹೌದು’ ಎಂದರು. ಜನ ಮೂರೂವರೆ ವರ್ಷದಲ್ಲಿ ಬದಲಾದರೆನ್ನುವುದಕ್ಕಿಂತ ಪ್ರಶ್ನೆ ಬದಲಾಯಿತೆನ್ನುವುದೇ ನನಗೆ ಸರಿಯೆನಿಸುತ್ತದೆ. ಆರ್ಥಿಕ ಸ್ಥಿತಿಯೂ ಅಷ್ಟಿಷ್ಟು ಸುಧಾರಿಸಿತ್ತು, ಒಪ್ಪುತ್ತೇನೆ.

ಇನ್ನು ಪದಗಳು. ಷಿಕಾಗೊ ವಿಶ್ವವಿದ್ಯಾಲಯದ ನಾರ್ಕ್ ಸಂಸ್ಥೆ 1972ರಿಂದ ನಡೆಸುತ್ತಿರುವ ಸಾಮಾನ್ಯ ಸಾಮಾಜಿಕ ಸಮೀಕ್ಷೆಯಲ್ಲಿ ಸರ್ಕಾರ ಯಾವುದಕ್ಕೆ ಹೆಚ್ಚು, ಯಾವುದಕ್ಕೆ ಕಡಿಮೆ ಖರ್ಚು ಮಾಡುತ್ತಿದೆ ಎಂದು ಕೇಳುತ್ತಾರೆ. 1980ರ ದಶಕದಲ್ಲಿ ಅವರು ಒಂದು ಜಾಣ ಪರೀಕ್ಷೆ ಮಾಡಿದರು. ಒಂದು ಗುಂಪಿಗೆ ‘ವೆಲ್‌ಫೇರ್’ (ಬಡವರಿಗೆ ಸರ್ಕಾರ ಕೊಡುವ ನೆರವಿಗೆ ಅಲ್ಲಿನ ರೂಢಿಯ ಹೆಸರು) ಎಂಬ ಪದ ಬಳಸಿ ಕೇಳಿದರು, ಇನ್ನೊಂದು ಗುಂಪಿಗೆ ‘ಬಡವರಿಗೆ ನೆರವು’ ಎಂದು ಕೇಳಿದರು. ಮೊದಲ ಗುಂಪಿನಲ್ಲಿ ಖರ್ಚು ಸಾಲದು ಎಂದವರು ಹೆಚ್ಚುಕಡಿಮೆ ಕಾಲು ಭಾಗ. ಎರಡನೆಯದರಲ್ಲಿ ಮೂರನೇ ಎರಡು ಭಾಗದ ಹತ್ತಿರ. ಪದದ ಜೊತೆಗೆ ಸೋಮಾರಿತನದ ವಾಸನೆ ಅಂಟಿಕೊಂಡಿದ್ದರೆ ಬಡವನ ತಟ್ಟೆಯೂ ನಾರುತ್ತದೆ. ಆದ್ದರಿಂದ ಪ್ರಶ್ನೆಯಲ್ಲಿ ‘ಹೊರೆ’, ‘ಪರಿಹಾರ’, ‘ನ್ಯಾಯಯುತ ಪಾಲು’ ಎಂಬ ಪದಗಳಿದ್ದರೆ ಪೆನ್ಸಿಲ್‌ನಿಂದ ಹೊಡೆದುಹಾಕಿ, ಅಲ್ಲಿ ಬರಿಯ ‘ತೆರಿಗೆ’ ಎಂದು ಬರೆದು ಮತ್ತೊಮ್ಮೆ ಓದಿ. ನಿಮ್ಮ ಉತ್ತರವೇ ಅಲುಗಿತೋ, ಬೇರೆಯವರದ್ದೂ ಅಲುಗಿರುತ್ತದೆ.

ನಾನೇ ಮಾಡಿದ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಕೊರತೆ ತುಂಬುವುದು ಹೇಗೆ ಎಂಬ ಪ್ರಶ್ನೆಗೆ ‘ಮೇಲಿರುವವರು ತೆರಲಿ’ ಎಂಬ ಉತ್ತರಗಳು ಆ ವಾರ ರಾಶಿ ಬಂದಿದ್ದವು. ಎಲ್ಲಕ್ಕೂ ‘ಶ್ರೀಮಂತರ ತೆರಿಗೆ ಏರಿಸಿ’ ಎಂಬ ಸಂಖ್ಯೆ ಹಚ್ಚುತ್ತಾ ಹೋದೆ. ಮೂರನೆಯ ರಾತ್ರಿ ಮೇಲ್ವಿಚಾರಕಿ ಪಕ್ಕದಲ್ಲಿ ಕುಳಿತು, ಉತ್ತರಿಸಿದವರು ಹಿಂದಿನ ಪ್ರಶ್ನೆಗೆ ಏನು ಹೇಳಿದ್ದಾರೆ ಎಂದು ತೆಗೆದು ತೋರಿಸಿದರು. ಹಿಂದಿನ ಪ್ರಶ್ನೆ ಶಾಸಕರ ಕಾರ್ಯವೈಖರಿಯ ಬಗ್ಗೆ. ಅಂದರೆ ಆ ‘ಮೇಲಿರುವವರು’ ಬಹುಮಟ್ಟಿಗೆ ಅಧಿಕಾರದಲ್ಲಿ ಕುಳಿತವರು, ಕೋಟ್ಯಧೀಶರಲ್ಲ. ಮೂರು ರಾತ್ರಿಗಳ ಕೆಲಸವನ್ನು ಮೊದಲಿನಿಂದ ಮಾಡಿದೆ. ಅಂದಿನಿಂದ ಯಾವ ಪ್ರಶ್ನೆಯನ್ನೂ ಅದರ ಹಿಂದಿನ ಪ್ರಶ್ನೆಯಿಲ್ಲದೆ ಓದಿಲ್ಲ, ನೀವೂ ಓದಬೇಡಿ.

ತೆರಿಗೆ ಯಾವುದು ಎಂಬುದನ್ನೂ ನೋಡಿ. ‘ತೆರಿಗೆ’ ಎಂಬ ಒಂದೇ ಪ್ರಾಣಿ ಜನರ ಮನಸ್ಸಿನಲ್ಲಿಲ್ಲ. ಸರ್ಕಾರಗಳ ನಡುವಣ ಸಂಬಂಧಗಳ ಸಲಹಾ ಆಯೋಗ ಎಂಬುದೊಂದು ವಾಷಿಂಗ್ಟನ್‌ನಲ್ಲಿತ್ತು. ಅತಿ ಕೆಟ್ಟ, ಅತಿ ಅನ್ಯಾಯದ ತೆರಿಗೆ ಯಾವುದು ಎಂದು ಅದು 1972ರಿಂದ ಕೇಳುತ್ತಿತ್ತು. ಮೊದಲ ಸ್ಥಾನಕ್ಕೆ ಕೇಂದ್ರದ ಆದಾಯ ತೆರಿಗೆ ಮತ್ತು ಸ್ಥಳೀಯ ಆಸ್ತಿ ತೆರಿಗೆ ಪೈಪೋಟಿ ನಡೆಸುತ್ತಿದ್ದವು. ರಾಜ್ಯದ ಮಾರಾಟ ತೆರಿಗೆ ಹಿಂದೆಯೇ ಉಳಿಯುತ್ತಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಮಾರಾಟ ತೆರಿಗೆ ಚಿಲ್ಲರೆಯಲ್ಲಿ ಕರಗಿಹೋಗುತ್ತದೆ, ಆಸ್ತಿ ತೆರಿಗೆ ದೊಡ್ಡ ಮೊತ್ತದ ಬಿಲ್ಲಾಗಿ ಮನೆಬಾಗಿಲಿಗೆ ಬರುತ್ತದೆ. ಆದರೆ ಇದೂ ಎಲ್ಲೆಡೆ ಸಲ್ಲುವ ಸೂತ್ರವಲ್ಲ. ಆರೆಗನ್ ರಾಜ್ಯದಲ್ಲಿ ಮಾರಾಟ ತೆರಿಗೆಯೇ ಇಲ್ಲ. ತರಲು ಒಂಬತ್ತು ಬಾರಿ ಮತ ಕೇಳಿದ್ದಾರೆ, 1993ರಲ್ಲಿ ಕೊನೆಯ ಸಲ. ಒಂಬತ್ತೂ ಸಲ ಸೋಲು.

ಕ್ಯಾಲಿಫೋರ್ನಿಯಾದಲ್ಲಿ 1978ರ ಜೂನ್‌ನಲ್ಲಿ ಗೆದ್ದ 13ನೆಯ ಪ್ರಸ್ತಾವ ಆಸ್ತಿ ತೆರಿಗೆಯನ್ನು ಮೌಲ್ಯದ ಶೇ 1ಕ್ಕೆ ಕಟ್ಟಿಹಾಕಿತು. ಮನೆ ಮಾರಾಟವಾಗುವವರೆಗೆ ಆ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ‘ಸೇವೆಯೂ ಬೇಕು, ತೆರಿಗೆಯೂ ಬೇಡ ಎಂಬ ದುರಾಸೆ’ ಎಂದು ಇದನ್ನು ಇಂದಿಗೂ ಹಳಿಯುತ್ತಾರೆ. ಹಳಿಯುವವರು ಒಂದು ಅಂಶವನ್ನು ಬಿಟ್ಟುಬಿಡುತ್ತಾರೆ: ಅಂದು ರಾಜ್ಯದ ಖಜಾನೆಯಲ್ಲಿ ಸುಮಾರು 500 ಕೋಟಿ ಡಾಲರ್ ಹೆಚ್ಚುವರಿಯಾಗಿ ಬಿದ್ದಿತ್ತು. ಖಜಾನೆ ತುಂಬಿರುವುದನ್ನು ಕಂಡವರು ತೆರಿಗೆ ಇಳಿಸಿದರೂ ಶಾಲೆ ಮುಚ್ಚದು ಎಂದು ನಂಬಿದರೆ ಅದು ಅಜ್ಞಾನವೇ? ಸಮೀಕ್ಷೆಯ ಪಕ್ಕದಲ್ಲಿ ಆ ವರ್ಷದ ಬಜೆಟ್ ಇಟ್ಟುಕೊಂಡು ಓದಿ ಎನ್ನುವುದು ಇದಕ್ಕಾಗಿ. ತಾರೀಖನ್ನೂ ನೋಡಿ. ಕಾನ್ಸಸ್ ರಾಜ್ಯ 2012ರಲ್ಲಿ ಭಾರಿ ತೆರಿಗೆ ಕಡಿತ ಮಾಡಿತು, 2017ರಲ್ಲಿ ಅಲ್ಲಿನ ಶಾಸನಸಭೆಯೇ ಗವರ್ನರ್ ವೀಟೊವನ್ನು ಬದಿಗೆ ಸರಿಸಿ ಅದನ್ನು ಬಹುಪಾಲು ಹಿಂದೆಗೆಯಿತು. ಈ ಎರಡು ವರ್ಷಗಳ ನಡುವಿನ ಯಾವ ಅಂಕಿಯನ್ನಾದರೂ ‘ಕಾನ್ಸಸ್ ಜನರ ಅಭಿಪ್ರಾಯ’ ಎಂದು ಎತ್ತಿ ತೋರಿಸಬಹುದು.

ಮಾದರಿಯ ಲೆಕ್ಕ ಬೇಗ ಮುಗಿಸುತ್ತೇನೆ. ಸಾವಿರ ಜನರನ್ನು ಕೇಳಿದ್ದರೆ ಅಂಕಿ ಅತ್ತಿತ್ತ ಶೇಕಡಾ ಮೂರು ಅಂಶ ಓಲಾಡುತ್ತದೆ. ಅದರೊಳಗಿನ ‘ಗ್ರಾಮೀಣ ಬಾಡಿಗೆದಾರರು’ 150 ಮಂದಿಯಾದರೆ ಓಲಾಟ ಎಂಟು ಅಂಶ. ಗೆದ್ದವರಿಗೂ ಸೋತವರಿಗೂ ನಾಲ್ಕು ಅಂಶದ ಅಂತರವಿದ್ದರೆ ಅದರ ಮೇಲೆ ಲೇಖನ ಬರೆಯಬೇಡಿ.

ನಾನು ಹೆಚ್ಚು ಹೊತ್ತು ನಿಲ್ಲುವುದು ನಂಬಿಕೆಯ ಪ್ರಶ್ನೆಯ ಬಳಿ. ‘ಹೆಚ್ಚು ಗಳಿಸುವವರ ಮೇಲೆ ಹೆಚ್ಚು ತೆರಿಗೆ ಹಾಕಬೇಕೇ?’ ಎಂದರೆ ಹೆಚ್ಚಿನ ಕಡೆ ಬಹುಮತ ಸಿಗುತ್ತದೆ. ಇಲಿನಾಯ್‌ನಲ್ಲಿ ಎಲ್ಲರಿಗೂ ಒಂದೇ ದರ, ಶೇ 4.95. ಆದಾಯ ಏರಿದಂತೆ ದರ ಏರಿಸಲು ಅವಕಾಶ ಕೊಡುವ ತಿದ್ದುಪಡಿ 2020ರ ನವೆಂಬರ್‌ನಲ್ಲಿ ಮತಕ್ಕೆ ಬಂದು ಸೋತಿತು. ಎರಡೂವರೆ ಲಕ್ಷ ಡಾಲರ್‌ಗಿಂತ ಕೆಳಗಿನವರಿಗೆ ಏರಿಕೆ ಇಲ್ಲವೆಂದು ಸರ್ಕಾರ ಹೇಳಿತ್ತು. ‘ಇಂದು ಅವರಿಗೆ, ನಾಳೆ ನಿಮಗೆ’ ಎಂದು ವಿರೋಧಿಗಳು ಸಾರಿದರು, ಜನ ಅದನ್ನು ನಂಬಿದರು. ಎರಡು ವರ್ಷದ ಬಳಿಕ ಮ್ಯಾಸಚೂಸೆಟ್ಸ್‌ನಲ್ಲಿ ಹತ್ತು ಲಕ್ಷ ಡಾಲರ್ ಮೀರಿದ ಆದಾಯದ ಮೇಲೆ ಇನ್ನೂ ಶೇ 4ರಷ್ಟು ತೆರಿಗೆ ಗೆದ್ದಿತು, ಸುಮಾರು ಶೇ 52 ಮತಗಳಿಂದ. ಅಲ್ಲಿ ಗೆರೆಯನ್ನು ಸಂವಿಧಾನದಲ್ಲೇ ಎಳೆದಿದ್ದರು. ಹಣ ಶಿಕ್ಷಣಕ್ಕೆ ಮತ್ತು ಸಾರಿಗೆಗೆ ಎಂದು ಬರೆದಿದ್ದರು. ಆದ್ದರಿಂದ ವರದಿಯಲ್ಲಿ ‘ಸರ್ಕಾರ ಸರಿಯಾದುದನ್ನು ಮಾಡುತ್ತದೆಂದು ನಂಬುತ್ತೀರಾ?’ ಎಂಬ ಪ್ರಶ್ನೆ ಎಲ್ಲಿದೆ ಹುಡುಕಿ. ಅದರ ಉತ್ತರವನ್ನು ತೆರಿಗೆಯ ಉತ್ತರದ ಜೊತೆ ತಾಳೆ ಹಾಕಿದ ಕೋಷ್ಟಕವಿದ್ದರೆ ಇಡೀ ವರದಿಗಿಂತ ಆ ಒಂದು ಕೋಷ್ಟಕವೇ ಮೇಲು.

ಕಡೆಯದಾಗಿ, ‘ಸರಿದೂಗಿದ ಬಜೆಟ್’ ಎಂಬುದಕ್ಕೆ ಉತ್ತರಿಸಿದವರು ಏನೆಂದು ತಿಳಿದಿದ್ದರು? ಕ್ಯಾಲಿಫೋರ್ನಿಯಾ 2009ರ ಬಿಕ್ಕಟ್ಟಿನಲ್ಲಿ ಮುಂದಿನ ವರ್ಷದ ಜೂನ್ 30ರ ಸಂಬಳವನ್ನು ಒಂದು ದಿನ ಮುಂದೂಡಿ ಜುಲೈ 1ಕ್ಕೆ ಕೊಡಲು ನಿರ್ಧರಿಸಿತು. ಹಣಕಾಸು ವರ್ಷ ಜೂನ್ 30ಕ್ಕೆ ಮುಗಿಯುವುದರಿಂದ ಕಾಗದದ ಮೇಲೆ ನೂರು ಕೋಟಿ ಡಾಲರ್‌ನ ಆಸುಪಾಸು ‘ಉಳಿಯಿತು’. ನೌಕರರಿಗೆ ಒಂದು ರಾತ್ರಿ ತಡ, ಅಷ್ಟೆ. ಪೋಲು ನಿಲ್ಲಿಸಿ ಎಂದು ಬರೆಸುವವರ ಮೇಲೆ ನನಗಿದ್ದ ಸಿಡುಕು ಇದನ್ನು ಓದಿದ ಮೇಲೆ ಅರ್ಧ ಇಳಿಯಿತು. ಮರುದಿನ ಪಾಳಿಯಲ್ಲಿ ಪಟ್ಟಿಗೆ ಹೊಸ ಸಂಖ್ಯೆ ಸೇರಿಸಲು ಮೇಲ್ವಿಚಾರಕಿಯ ಅನುಮತಿ ಕೇಳಿದೆ: 27, ‘ಲೆಕ್ಕದಲ್ಲಿ ನಂಬಿಕೆಯಿಲ್ಲ’. ಸಿಕ್ಕಿತು. ಹಿಮದ ಲಾರಿಗೂ ಒಂದು ಕೇಳಿದೆ, ಅದು ಮಾತ್ರ ಸಿಗಲಿಲ್ಲ.