ಅಪ್ರೈಸಲ್ ಫಾರ್ಮಲ್ಲಿ ‘ಚಹಾ’ ಅಂತ ಬರೆದ ಹುಡುಗ

ನಮ್ಮ ಆಫೀಸಲ್ಲಿ ಮಾರ್ಚ್ ಬಂತು ಅಂದ್ರೆ ಎಲ್ಲರ ಮುಖದಲ್ಲೂ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಳೆ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೀಮ್ ನೋಡ್ಕೊಳ್ಳೋಕೆ ಶುರು ಮಾಡಿ ಒಂಬತ್ತು ವರ್ಷ ಆಯ್ತು, ಈಗ ಹನ್ನೊಂದು ಜನ ಇದಾರೆ, ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಅಪ್ರೈಸಲ್, ಅಂದ್ರೆ ವರ್ಷದ ಕೆಲಸ ಹೇಗಿತ್ತು ಅಂತ ಮಾತಾಡೋದು ನನ್ನ ಕೆಲಸದಲ್ಲೇ ದೊಡ್ಡ ಜವಾಬ್ದಾರಿ, ಯಾಕಂದ್ರೆ ಎದುರಿಗೆ ಕೂತವರ ಸಂಬಳದ ಹೈಕು, ಹೋಮ್ ಲೋನು, ಮರ್ಯಾದೆ ಎಲ್ಲ ಅದರ ಮೇಲೇ ನಿಂತಿರುತ್ತೆ. ಆದ್ರೂ ಆ ರೂಮಲ್ಲಿ ನಕ್ಕಷ್ಟು ನಾವು ಬೇರೆಲ್ಲೂ ನಕ್ಕಿಲ್ಲ.

ಧಾರವಾಡ ಕಡೆ ಹುಡುಗ ಒಬ್ಬ ಇದಾನೆ. ತಮ್ಮ ಕೆಲಸದ ಬಗ್ಗೆ ತಾವೇ ಬರೆಯೋ ಸೆಲ್ಫ್ ರಿವ್ಯೂನಲ್ಲಿ ‘ಸುಧಾರಿಸಿಕೊಳ್ಳಬೇಕಾದ್ದು’ ಅನ್ನೋ ಕಾಲಮ್ಮಿಗೆ ಎಲ್ಲರೂ ‘ಟೈಮ್ ಮ್ಯಾನೇಜ್‌ಮೆಂಟ್’ ಅಂತ ತುಂಬಿಸಿ ಕೈ ತೊಳ್ಕೊತಾರೆ, ಇವನು ಒಂದೇ ಪದ ಬರೆದಿದ್ದ, ‘ಚಹಾ’. ಏನೋ ಇದು ಅಂದೆ. “ಇದ್ದದ್ದು ಬರದೀನ್ರಿ ಮೇಡಂ, ದಿನಕ್ಕ ಆರು ಸಲ ಕೆಳಗ ಹೊಕ್ಕೀನಿ.” ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ವಿ. ಅಷ್ಟೊತ್ತು ಸೆಟೆದು ಕೂತಿದ್ದವನು ಆಮೇಲೆ ಆರಾಮಾಗಿ ಮಾತಾಡಿದ, ಆಗ ಗೊತ್ತಾಯ್ತು, ಟೆಸ್ಟಿಂಗ್ ಟೀಮಿನವರು ಸಿಗೋದು ಆ ಟೀ ಅಂಗಡಿ ಹತ್ರಾನೇ, ಮೇಲ್‌ನಲ್ಲಿ ವಾರಗಟ್ಲೆ ಎಳೆದಾಡ್ತಿದ್ದ ಎಷ್ಟೋ ಬಗ್‌ಗಳನ್ನ, ಅಂದ್ರೆ ಸಾಫ್ಟ್‌ವೇರಿನ ತಪ್ಪುಗಳನ್ನ, ಇವನು ಅಲ್ಲೇ ಗ್ಲಾಸ್ ಹಿಡ್ಕೊಂಡು ಬಗೆಹರಿಸ್ಕೊಂಡು ಬರ್ತಿದ್ದ. ಮ್ಯಾನೇಜರ್ ಕಾಮೆಂಟಲ್ಲಿ ‘ಕ್ರಾಸ್ ಟೀಮ್ ಕೊಲಾಬರೇಷನ್ ಅತ್ಯುತ್ತಮ’ ಅಂತ ಬರೆದೆ, ಅಂದ್ರೆ ಬೇರೆ ಟೀಮಿನವರ ಜೊತೆ ಸೇರಿ ಚೆನ್ನಾಗಿ ಕೆಲಸ ಮಾಡ್ತಾನೆ ಅಂತ. ಒಂದಕ್ಷರ ಸುಳ್ಳಿಲ್ಲ.

ಇನ್ನೊಬ್ಬಳು ಎಲ್ಲಾದಕ್ಕೂ ತನಗೆ ತಾನೇ 5ಕ್ಕೆ 3 ಕೊಟ್ಕೊಂಡಿದ್ಲು. ನಾನು ಪ್ರತಿ ಶುಕ್ರವಾರ ಸಂಜೆ ಒಂದು ನೋಟ್‌ಬುಕ್ಕಲ್ಲಿ ಯಾರು ಏನ್ ಮಾಡಿದ್ರು ಅಂತ ಒಂದೊಂದು ಸಾಲು ಬರೆದಿಡ್ತೀನಿ, ಯಾಕಂದ್ರೆ ಏಪ್ರಿಲಿಂದ ಲೆಕ್ಕ ಹಾಕ್ಬೇಕಾದ ವರ್ಷದಲ್ಲಿ ನಮಗೆ ನೆನಪಿರೋದು ಜನವರಿಯಿಂದ ಈಚೆಗಿನದು ಮಾತ್ರ. ಅದನ್ನ ತೆಗೆದು ಓದಿದೆ: ಆಗಸ್ಟ್ 14, ಪೇಮೆಂಟ್ ಪೇಜ್ ಬಿತ್ತು, ರಾತ್ರಿ ಎರಡರ ತನಕ ಕೂತು ಎಬ್ಬಿಸಿದ್ಲು. “ಅಯ್ಯೋ, ಅದು ಹೋದ ವರ್ಷದ್ದಲ್ವಾ ಮೇಡಂ?” ಅಂದ್ಲು! ಮಾಡಿದವಳಿಗೇ ಮರೆತೋಗಿತ್ತು. ಅಲ್ಲೇ ತಿದ್ದಿ 5 ಮಾಡಿದ್ವಿ.

ನೋಟ್‌ಬುಕ್ ಇಡೋ ಬುದ್ಧಿ ಬಂದಿದ್ದು ನಮ್ಮಪ್ಪನಿಂದ. ಅವರು ಸರ್ಕಾರಿ ನೌಕರಿಲಿದ್ರು. ಆಗ ಸಾಹೇಬ್ರು ಸಿಆರ್ ಬರೆಯೋರು, ಗೌಪ್ಯ ವರದಿ, ಅದ್ರಲ್ಲಿ ಕೆಟ್ಟದ್ದು ಬರೆದ್ರೆ ಮಾತ್ರ ನೌಕರನಿಗೆ ತಿಳಿಸೋರು, ಒಳ್ಳೇದು ಬರೆದ್ರೆ ಗೊತ್ತೇ ಆಗ್ತಿರ್ಲಿಲ್ಲ. “ಮೆಮೊ ಬಂದಿಲ್ಲ ಕಣೇ, ಸಾಹೇಬ್ರು ಖುಷಿಯಾಗಿದಾರೆ” ಅಂತ ಮನೇಲಿ ಅಮ್ಮನಿಗೆ ಹೇಳೋರು, ಅವತ್ತು ಮನೇಲಿ ಪಾಯಸ. 2008ರಲ್ಲಿ ದೇವ್ ದತ್ ಅನ್ನೋರ ಕೇಸಲ್ಲಿ ಸುಪ್ರೀಂ ಕೋರ್ಟು ಒಳ್ಳೇದೋ ಕೆಟ್ಟದ್ದೋ ಎಲ್ಲಾ ಎಂಟ್ರಿನೂ ನೌಕರನಿಗೆ ತಿಳಿಸ್ಲೇಬೇಕು ಅಂತ ಹೇಳ್ತು, ಅಷ್ಟೊತ್ತಿಗೆ ಅಪ್ಪ ರಿಟೈರ್ ಆಗಿದ್ರು. ಇಡೀ ಸರ್ವೀಸಲ್ಲಿ ತಮ್ಮ ಬಗ್ಗೆ ಏನ್ ಒಳ್ಳೇದು ಬರೆದಿದ್ರು ಅಂತ ಅವರಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ. ಅದಕ್ಕೇ ನಾನು ಮೊದಲು ಒಳ್ಳೇದನ್ನ ತಾರೀಖು ಸಮೇತ ಓದಿ ಹೇಳ್ತೀನಿ, ಆಮೇಲೇ ಮಿಕ್ಕಿದ್ದು.

ಟೀಮಲ್ಲಿ ಇಂತಿಷ್ಟು ಜನಕ್ಕೆ ಹೆಚ್ಚು, ಇಂತಿಷ್ಟು ಜನಕ್ಕೆ ಕಡಿಮೆ ರೇಟಿಂಗ್ ಕೊಡ್ಲೇಬೇಕು ಅನ್ನೋ ಬೆಲ್ ಕರ್ವ್ ಬಗ್ಗೆ ಮಾತ್ರ ನಂಗೆ ಇವತ್ತಿಗೂ ಸಿಟ್ಟಿದೆ. ಹನ್ನೊಂದೂ ಜನ ಚೆನ್ನಾಗಿ ಮಾಡಿದ್ರೂ ಒಬ್ಬರನ್ನ ಕೆಳಗೆ ತಳ್ಳಿ ಅಂತಾರಲ್ಲ, ಅದು ಯಾವ ನ್ಯಾಯ? ಮೈಕ್ರೋಸಾಫ್ಟ್ 2013ರಲ್ಲೇ ಅದನ್ನ ಕೈಬಿಟ್ಟಿತ್ತು.

ಈ ಸಲ ನಮ್ಮ ಧಾರವಾಡದ ಹುಡುಗ ಅದೇ ಕಾಲಮ್ಮಲ್ಲಿ ‘ಚಹಾ ನಾಕಕ್ಕ ಇಳಿಸೀನಿ’ ಅಂತ ಬರೆದಿದ್ದ. ಇಳಿಸ್ಬೇಡ ಮಾರಾಯ, ಟೆಸ್ಟಿಂಗ್‌ನವರು ಕಾಯ್ತಿರ್ತಾರೆ ಅಂದೆ.