ಗೇರ್‌ಬಾಕ್ಸ್ ಬಿಚ್ಚುವ ಮೊದಲು: ಆಟೊಮ್ಯಾಟಿಕ್ ಕಾರಿನ ನಡುಕ ಹಿಡಿದ ಬಗೆ

ಆಟೊಮ್ಯಾಟಿಕ್ ಕಾರು ನಡುಗುತ್ತಿದೆ ಅಂತ ಯಾರಾದರೂ ಗ್ಯಾರೇಜಿಗೆ ಬಂದರೆ ನಾನು ಮೊದಲು ಬಾನೆಟ್ ಎತ್ತುವುದಿಲ್ಲ. ಯಾವಾಗ ನಡುಗುತ್ತೆ ಅಂತ ಕೇಳುತ್ತೇನೆ. ಎಷ್ಟು ಸ್ಪೀಡಿನಲ್ಲಿ? ಎಷ್ಟನೇ ಗೇರಿನಲ್ಲಿ? ಆಕ್ಸಿಲರೇಟರ್ ಎಷ್ಟು ಒತ್ತಿದಾಗ? ಇಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಇದಕ್ಕೆಲ್ಲ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ.

ನಮ್ಮದು ತುಮಕೂರಿನ ಸಣ್ಣ ಗ್ಯಾರೇಜು. ಗುಬ್ಬಿ ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಆರು ಗೇರಿನ ಪೆಟ್ರೋಲ್ ಕಾರು ತಂದಿದ್ದರು. ವ್ಹೀಲ್ ಬ್ಯಾಲೆನ್ಸಿಂಗ್ ಆಗಿತ್ತು, ಅಲೈನ್‌ಮೆಂಟ್ ಆಗಿತ್ತು, ಒಂದು ಇಂಜಿನ್ ಮೌಂಟ್ ಕೂಡ ಹೊಸದು ಬಿದ್ದಿತ್ತು. ಕೊನೆಗೆ ಒಂದು ಕಡೆ ಗೇರ್‌ಬಾಕ್ಸೇ ಬದಲಾಯಿಸಬೇಕು ಅಂದಿದ್ದರಂತೆ. ನಾನು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: "ಅಣ್ಣಾ, ಅರವತ್ತು ಎಪ್ಪತ್ತರಲ್ಲಿ ಆರಾಮಾಗಿ ಹೋಗ್ತಿರ್ತೀನಿ. ಸ್ವಲ್ಪ ಏರು ಬಂದು ಕಾಲು ಒಂಚೂರು ಒತ್ತಿದ್ರೆ, ಟೋಲ್ ಹತ್ರ ಹಾಕಿರ್ತಾರಲ್ಲ ಪಟ್ಟೆ, ಅದರ ಮೇಲೆ ಹೋದಂಗೆ ಡರ್ರ್ ಅನ್ನುತ್ತೆ. ಒಂದೆರಡು ಸೆಕೆಂಡ್ ಅಷ್ಟೇ. ಜೋರಾಗಿ ಒತ್ತಿದ್ರೆ ಇಲ್ಲವೇ ಇಲ್ಲ."

ಈ ಕೊನೆಯ ಮಾತೇ ನನಗೆ ಬೇಕಾಗಿದ್ದು. ಬ್ಯಾಲೆನ್ಸ್ ಕೆಟ್ಟ ಚಕ್ರಕ್ಕೆ ನಿಮ್ಮ ಕಾಲು ಎಷ್ಟು ಒತ್ತಿದೆ ಅಂತ ಗೊತ್ತಾಗುವುದಿಲ್ಲ. ಅದು ಸ್ಪೀಡಿಗೆ ತಕ್ಕಂತೆ ಅಲುಗುತ್ತಲೇ ಇರುತ್ತೆ, ಸ್ಟೇರಿಂಗಿನಲ್ಲೋ ಸೀಟಿನಲ್ಲೋ ಕಾಣುತ್ತೆ. ಮೌಂಟ್ ಹೋಗಿದ್ದರೆ ಸಿಗ್ನಲ್‌ನಲ್ಲಿ ಡಿ ಹಾಕಿ ಬ್ರೇಕ್ ಹಿಡಿದು ನಿಂತಾಗಲೇ ನಡುಕ ಬರುತ್ತೆ. ಒಳಗಿನ ಡ್ರೈವ್ ಶಾಫ್ಟ್ ಜಾಯಿಂಟ್ ಸವೆದಿದ್ದರೆ ಜೋರಾಗಿ ಒತ್ತಿದಾಗಲೇ ಜಾಸ್ತಿ. ಇಲ್ಲಿ ಎಲ್ಲಾ ಉಲ್ಟಾ. ಕಡಿಮೆ ಒತ್ತಿದರೆ ಇದೆ, ಜೋರಾಗಿ ಒತ್ತಿದರೆ ಇಲ್ಲ.

ಇನ್ನೊಂದು ವಿಷಯ ಮೊದಲೇ ನೋಡಿಕೊಳ್ಳಬೇಕು. ನಮ್ಮಲ್ಲಿ ಕ್ಲಚ್ ಪೆಡಲ್ ಇಲ್ಲದ್ದಕ್ಕೆಲ್ಲ ಆಟೊಮ್ಯಾಟಿಕ್ ಅಂದುಬಿಡುತ್ತಾರೆ. ಎಎಂಟಿ, ಸಿವಿಟಿ, ಡಿಸಿಟಿ, ಟಾರ್ಕ್ ಕನ್ವರ್ಟರ್ ಅಂತ ನಾಲ್ಕು ಬಗೆ ಇವೆ, ನಾಲ್ಕೂ ಬೇರೆ ಬೇರೆ. ಎಎಂಟಿಯಲ್ಲಿ ಇರುವುದು ಮಾಮೂಲಿ ಕ್ಲಚ್ಚೇ. ಅದು ಕಾರು ಹೊರಡುವಾಗ ನಡುಗಿದರೆ ಈ ಬರಹದ ಯಾವ ಪರೀಕ್ಷೆಯೂ ಉಪಯೋಗಕ್ಕೆ ಬರುವುದಿಲ್ಲ. ಈ ಕಾರಿನಲ್ಲಿ ಇದ್ದದ್ದು ಟಾರ್ಕ್ ಕನ್ವರ್ಟರ್.

ಕನ್ವರ್ಟರ್ ಒಳಗೆ ಇಂಜಿನ್ ಕಡೆ ಒಂದು ಪಂಪ್, ಗೇರ್‌ಬಾಕ್ಸ್ ಕಡೆ ಒಂದು ಟರ್ಬೈನ್, ನಡುವೆ ಎಣ್ಣೆಯ ಹರಿವು ತಿರುಗಿಸುವ ಸ್ಟೇಟರ್. ಶಕ್ತಿ ದಾಟುವುದು ಎಣ್ಣೆಯ ಮೂಲಕ. ಎಣ್ಣೆ ಅಂದಮೇಲೆ ಜಾರುವಿಕೆ ಇದ್ದೇ ಇರುತ್ತೆ, ಪೆಟ್ರೋಲ್ ಸುಮ್ನೆ ಹಾಳು. ಅದಕ್ಕೇ ಒಂದೇ ಸ್ಪೀಡಿನಲ್ಲಿ ಹೋಗುವಾಗ ಇಂಜಿನ್ನನ್ನೂ ಟರ್ಬೈನನ್ನೂ ಜೋಡಿಸಲು ಲಾಕಪ್ ಕ್ಲಚ್ ಇಟ್ಟಿದ್ದಾರೆ. ಈಗಿನ ಕಾರುಗಳಲ್ಲಿ ಅದನ್ನು ಎಷ್ಟೋ ಸಲ ಪೂರ್ತಿ ಕಚ್ಚಿಸುವುದೂ ಇಲ್ಲ, ಬೇಕೆಂದೇ ಸ್ವಲ್ಪ ಜಾರಿಸುತ್ತಾರೆ. ಆ ಜಾರುವಿಕೆ ನಯವಾಗಿರಬೇಕಾದರೆ ಎಣ್ಣೆಯಲ್ಲಿರುವ ಘರ್ಷಣೆ ಹದ ಮಾಡುವ ರಾಸಾಯನಿಕಗಳು ಸರಿಯಾಗಿರಬೇಕು. ಅವು ಬಿಸಿಗೆ ಸತ್ತರೆ ಕ್ಲಚ್ ಹಿಡಿಯುತ್ತೆ, ಬಿಡುತ್ತೆ, ಮತ್ತೆ ಹಿಡಿಯುತ್ತೆ. ಸೆಕೆಂಡಿಗೆ ಎಷ್ಟೋ ಸಲ. ಡರ್ರ್ ಅನ್ನುವುದು ಅದೇ. ಜೋರಾಗಿ ಒತ್ತಿದರೆ ಕಂಪ್ಯೂಟರ್ ಲಾಕಪ್ ಬಿಡಿಸಿಬಿಡುತ್ತೆ, ಅದಕ್ಕೇ ಆಗ ನಡುಕ ಇಲ್ಲ.

ನಮ್ಮ ಹುಡುಗನಿಗೆ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಓಡಿಸುತ್ತಾ ಸ್ಕ್ಯಾನರ್ ನೋಡುವ ಕೆಲಸ ಬೇಡವೇ ಬೇಡ. ಮೊದಲು ದೇವರಾಯನದುರ್ಗದ ಏರು. ಎರಡನೇ, ಮೂರನೇ ಗೇರಿನಲ್ಲಿ ಇಂಜಿನ್‌ಗೆ ಚೆನ್ನಾಗಿ ಭಾರ ಬಿತ್ತು. ನಡುಕ ಇಲ್ಲ. ಲಾಕಪ್ ಬಿಟ್ಟೇ ಇದೆ ಅಂತ ಸ್ಕ್ಯಾನರ್ ತೋರಿಸುತ್ತಿತ್ತು. ಇಳಿಯುವಷ್ಟರಲ್ಲಿ ಎಣ್ಣೆಯೂ ಚೆನ್ನಾಗಿ ಕಾದಿತ್ತು. ಅಲ್ಲಿಂದ ಸೀದಾ ಶಿರಾ ಕಡೆಯ ಹೈವೇ. ಕೋರಾ ದಾಟಿ ಸೀಬಿ ಕಡೆ ಹೋಗುವಾಗ, ಎಡಗಡೆ ಲೇನ್‌ನಲ್ಲಿ, ಎಪ್ಪತ್ತರ ಹತ್ತಿರ, ಕಾಲು ಒಂಚೂರು ಒತ್ತಿದೆ. ಬಂತು.

ಸ್ಕ್ಯಾನರ್‌ನಲ್ಲಿ ಇಂಜಿನ್ 1,800 ಆರ್‌ಪಿಎಂ ಆಸುಪಾಸು. ಟರ್ಬೈನ್ ಅದಕ್ಕಿಂತ ಒಂದಿಪ್ಪತ್ತು ಕಡಿಮೆ. ನಡುಕ ಬಂದ ಕ್ಷಣ ಆ ವ್ಯತ್ಯಾಸ ಒಂದು ಕಡೆ ನಿಲ್ಲಲಿಲ್ಲ. ಹತ್ತು, ತೊಂಬತ್ತು, ಐದು, ಎಂಬತ್ತು ಅಂತ ಕುಣಿಯಿತು. ಎಡಗಾಲಿನಿಂದ ಬ್ರೇಕನ್ನು ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿದೆ. ಬ್ರೇಕ್ ಸ್ವಿಚ್ ಸಿಗ್ನಲ್ ಹೋದ ಕೂಡಲೇ ಕಂಪ್ಯೂಟರ್ ಲಾಕಪ್ ಬಿಡಿಸುತ್ತೆ. ಆರ್‌ಪಿಎಂ ಸ್ವಲ್ಪ ಮೇಲೇರಿತು, ನಡುಕ ನಿಂತಿತು. ಹಿಂದೆ ಗಾಡಿ ಇಲ್ಲದಿರುವಾಗ ಮಾತ್ರ ಇದನ್ನು ಮಾಡಬೇಕು.

ಬಹಳ ಜನ ಇಲ್ಲಿಗೇ ತೀರ್ಪು ಕೊಟ್ಟುಬಿಡುತ್ತಾರೆ. ನಾನು ಕೊಡುವುದಿಲ್ಲ. ಯಾಕೆ ಅಂದರೆ ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು, ಆಗುತ್ತಿದ್ದರೂ ಹೀಗೇ ಕಾಣುತ್ತೆ. ಲಾಕಪ್ ಬಿಟ್ಟಾಗ ನಡುವಿನ ಎಣ್ಣೆ ಇಂಜಿನ್ನಿನ ಅದುರುವಿಕೆಯನ್ನು ನುಂಗಿಕೊಳ್ಳುತ್ತೆ. ಕಚ್ಚಿದಾಗ ಅದೇ ಅದುರುವಿಕೆ ನೇರ ಬಾಡಿಗೆ ಬರುತ್ತೆ. ಅಂದರೆ ಬ್ರೇಕ್ ಮುಟ್ಟಿದಾಗ ನಡುಕ ನಿಂತಿತು ಅಂತ ಕನ್ವರ್ಟರ್ ಕೆಟ್ಟಿದೆ ಅನ್ನುವ ಹಾಗಿಲ್ಲ. ಕಿಡಿ ಹೊತ್ತಿಸುವ ಒಂದು ಇಗ್ನಿಷನ್ ಕಾಯಿಲ್ ಸೋತಿರಬಹುದು. ಲೆಕ್ಕ ನೋಡಿ: 1,800 ಆರ್‌ಪಿಎಂ ಅಂದರೆ ಸೆಕೆಂಡಿಗೆ 30 ಸುತ್ತು. ಒಂದು ಸಿಲಿಂಡರ್ ಉರಿಯುವುದು ಎರಡು ಸುತ್ತಿಗೊಮ್ಮೆ. ಅದೊಂದೇ ಸತ್ತರೆ ಸೆಕೆಂಡಿಗೆ 15 ಸಲ ಜಗ್ಗುತ್ತೆ. ಕೂತವರಿಗೆ ಇದಕ್ಕೂ ಲಾಕಪ್ ನಡುಕಕ್ಕೂ ಇರುವ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಅದಕ್ಕೇ ಒಂದೊಂದು ಸಿಲಿಂಡರಿನ ಮಿಸ್‌ಫೈರ್ ಕೌಂಟರ್ ತೆರೆದು ಇನ್ನೊಮ್ಮೆ ಓಡಿಸಿದೆವು. ನಡುಕ ಬಂತು, ಕೌಂಟರ್ ಸೊನ್ನೆಯಿಂದ ಅಲುಗಲಿಲ್ಲ. ಮಿಸ್‌ಫೈರ್ ತೋರಿಸುವ ಪಿ0300 ಸರಣಿಯ ದೋಷದ ಕೋಡ್ ಇಲ್ಲ, ಲಾಕಪ್ಪಿನ ಪಿ0741 ಕೂಡ ಇಲ್ಲ. ಕೋಡ್ ಇಲ್ಲ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲ್ಲ. ಇಷ್ಟು ಸಣ್ಣ ನಡುಕಕ್ಕೆ ಎಷ್ಟೋ ಕಾರುಗಳು ಕೋಡ್ ಹಾಕುವುದೇ ಇಲ್ಲ.

ವಾಪಸ್ ಬಂದು ಗೇರ್ ಎಣ್ಣೆಯ ನಾಲ್ಕು ಹನಿ ಬಿಳಿ ಟಿಶ್ಯೂ ಮೇಲೆ ಬಿಟ್ಟೆ. ಹೊಸ ಎಣ್ಣೆಯ ಹನಿಯನ್ನೂ ಪಕ್ಕದಲ್ಲೇ ಬಿಟ್ಟೆ. ಹೊಸದು ತಿಳಿ ಕೆಂಪಗೆ ಅಗಲವಾಗಿ ಹರಡಿತು. ಹಳೆಯದು ನಡುವೆ ಕಪ್ಪಗೆ ಕೂತು, ಸುತ್ತ ಕಂದು ಉಂಗುರ ಬಿಟ್ಟಿತು. ಸುಟ್ಟ ವಾಸನೆ ಲೈಟಾಗಿ ಇತ್ತು. ಗುಲಾಬಿ ಹಾಲಿನ ಬಣ್ಣ ಇರಲಿಲ್ಲ, ಅದು ನನಗೆ ದೊಡ್ಡ ಸಮಾಧಾನ. ಆ ಬಣ್ಣ ಇದ್ದರೆ ರೇಡಿಯೇಟರ್ ಕೂಲೆಂಟ್ ಒಳಗೆ ಸೇರಿದೆ ಅಂತ ಅರ್ಥ. ನೀರು ಕುಡಿದ ಕ್ಲಚ್ ಪ್ಲೇಟಿನ ಲೈನಿಂಗ್ ಕಿತ್ತು ಬರುತ್ತೆ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪು ಪೇಸ್ಟ್ ಇತ್ತು. ಅದು ಮಾಮೂಲಿ. ಬೆರಳಿಗೆ ಚುಚ್ಚುವ ಚೂರು ಇರಲಿಲ್ಲ. ವಿಚಾರಿಸಿದಾಗ ಇನ್ನೊಂದು ವಿಷಯ ಹೊರಬಂತು. ಹಿಂದೆ ಎಲ್ಲೋ ಲೀಕ್ ರಿಪೇರಿ ಮಾಡಿಸಿದಾಗ ಸಿಕ್ಕಿದ ಯಾವುದೋ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ತುಂಬಿಸಿದ್ದರಂತೆ. ಕೆಂಪಗಿದೆ ಅಂತ ಎಲ್ಲಾ ಎಟಿಎಫ್ ಒಂದೇ ಅಲ್ಲ. ಲಾಕಪ್ ಕ್ಲಚ್ ಹೇಗೆ ಹಿಡಿಯಬೇಕು ಅನ್ನುವುದನ್ನು ಆ ಎಣ್ಣೆಯೇ ನಿರ್ಧರಿಸುತ್ತೆ. ಮ್ಯಾನ್ಯುಯಲ್‌ನಲ್ಲಿ ಬರೆದ ಗ್ರೇಡನ್ನೇ ಹಾಕಬೇಕು.

ಒಂದು ಸಲ ಇಳಿಸಿ ತುಂಬಿದರೆ ಸಾಲದು. ಏಳು ಲೀಟರ್ ಹಿಡಿಯುವ ಗೇರ್‌ಬಾಕ್ಸಿನಲ್ಲಿ ಪ್ಲಗ್ ಬಿಚ್ಚಿದರೆ ಬರುವುದು ಮೂರು ಲೀಟರಷ್ಟೇ. ಉಳಿದದ್ದು ಕನ್ವರ್ಟರ್ ಹೊಟ್ಟೆಯಲ್ಲಿ, ಕೂಲರ್ ಪೈಪಿನಲ್ಲಿ ಇರುತ್ತೆ. ಮೊದಲ ಸಲಕ್ಕೆ ಹೊಸ ಎಣ್ಣೆ ಶೇ 43, ಎರಡನೇ ಸಲಕ್ಕೆ ಶೇ 67, ಮೂರನೇ ಸಲಕ್ಕೆ ಶೇ 81ರಷ್ಟಾಗುತ್ತೆ. ನಡುವೆ ಪ್ರತಿ ಸಲವೂ ಗಾಡಿ ಓಡಿಸಬೇಕು. ಲೆವೆಲ್ ನೋಡುವುದು ಮ್ಯಾನ್ಯುಯಲ್ ಹೇಳಿದ ಎಣ್ಣೆ ಬಿಸಿಯಲ್ಲೇ, ಇಂಜಿನ್ ಆನ್ ಇಟ್ಟು, ಸಮತಟ್ಟಾದ ಜಾಗದಲ್ಲಿ. ಕೊನೆಗೆ ಸ್ಕ್ಯಾನರ್‌ನಿಂದ ಗೇರ್‌ಬಾಕ್ಸ್ ಕಂಪ್ಯೂಟರ್ ಹಳೆಯ ಎಣ್ಣೆಗೆ ಹೊಂದಿಕೊಂಡು ಕಲಿತದ್ದನ್ನು ಅಳಿಸಿ ಮತ್ತೆ ಓಡಿಸಿದೆ. ಅದೇ ಸೀಬಿ ರಸ್ತೆ, ಅದೇ ಎಪ್ಪತ್ತು. ವ್ಯತ್ಯಾಸ ಇಪ್ಪತ್ತರ ಆಸುಪಾಸಿನಲ್ಲೇ ನಿಂತಿತು, ಡರ್ರ್ ಇಲ್ಲ.

ಆದರೂ ಮಾಲೀಕರಿಗೆ ಗ್ಯಾರಂಟಿ ಕೊಡಲಿಲ್ಲ. ಲೈನಿಂಗ್ ಮೇಲೆ ಗಾಜಿನ ಹೊಳಪು ಬಂದಿದ್ದರೆ ಹೊಸ ಎಣ್ಣೆಯಿಂದ ಸಿಗುವುದು ತಾತ್ಕಾಲಿಕ ನೆಮ್ಮದಿ ಮಾತ್ರ. ಸಾವಿರ ಕಿಲೋಮೀಟರ್ ಓಡಿಸಿ ಬನ್ನಿ, ಮತ್ತೆ ಲಾಕಪ್ ಜಾರುವಿಕೆ ನೋಡೋಣ ಅಂದೆ. ಆಗ ನಡುಕ ವಾಪಸ್ ಬಂದಿದ್ದರೆ ಗೇರ್‌ಬಾಕ್ಸ್ ಇಳಿಸಿ ಕನ್ವರ್ಟರ್ ಬದಲಾಯಿಸಬೇಕು, ಜೊತೆಗೆ ಕೂಲರನ್ನೂ ಫ್ಲಶ್ ಮಾಡಬೇಕು. ಹಾಗೆ ಮಾಡಬೇಕಾಗಿ ಬಂದರೂ ಅದು ಇಡೀ ಗೇರ್‌ಬಾಕ್ಸ್ ಬದಲಾಯಿಸುವ ಖರ್ಚಲ್ಲ ಅಂತ ಅವರಿಗೆ ಬಿಡಿಸಿ ಹೇಳಿದೆ.