ಸಿಲಿಕಾ ಫ್ಯೂಮ್ ಹಾಕಿದ ಕಾಂಕ್ರೀಟ್ ಬಿರುಕು ಬಿಟ್ಟಾಗ

ಕಾರವಾರದ ಉಪ್ಪುಗಾಳಿಗೆ ಕಂಬಿ ಬೇಗ ತುಕ್ಕು ಹಿಡಿಯುತ್ತದೆ ಅಂತ ಕಾಂಕ್ರೀಟಿಗೆ ಸಿಲಿಕಾ ಫ್ಯೂಮ್ (ಕಾಂಕ್ರೀಟಿನ ಸಣ್ಣ ರಂಧ್ರ ಮುಚ್ಚಿ ಉಪ್ಪು ಒಳಗಿಳಿಯದಂತೆ ತಡೆಯುವ, ಸಿಮೆಂಟಿಗಿಂತ ನುಣ್ಣನೆಯ ಬೂದು ಪುಡಿ) ಹಾಕಿಸಿದೆ. ಎರಡೇ ಗಂಟೆಯಲ್ಲಿ ಮೇಲೆಲ್ಲ ಕೂದಲೆಳೆ ಬಿರುಕು. ಒಡೆದು ನೋಡಿದರೆ ಒಳಗೆ ಸರಿಯಾಗಿ ಬೆರೆಯದ ಸಿಲಿಕಾ ಫ್ಯೂಮಿನ ಕಡಲೆ ಗಾತ್ರದ ಬೂದು ಉಂಡೆಗಳು.

ನೀರು ಜಾಸ್ತಿ ಮಾಡಿದೆವು, ಬಿರುಕೂ ಜಾಸ್ತಿಯಾಯಿತು. ಸಿಮೆಂಟ್ ಪುಡಿ ಉದುರಿಸಿ ತಿಕ್ಕಿದ್ದೂ ಸುಮ್ನೆ ದಂಡ.

ಉಂಡೆ ಸರಿಹೋದದ್ದು ಹಾಕುವ ಕ್ರಮ ಬದಲಿಸಿದಾಗ. ಮಿಕ್ಸರಿಗೆ ಮೊದಲು ಜಲ್ಲಿ, ಮುಕ್ಕಾಲು ಪಾಲು ನೀರು. ಆಮೇಲೆ 50 ಕೆಜಿ ಸಿಮೆಂಟ್ ಚೀಲಕ್ಕೆ 4 ಕೆಜಿಯಂತೆ ಸಿಲಿಕಾ ಫ್ಯೂಮ್, ನಿಧಾನಕ್ಕೆ. 2 ನಿಮಿಷ ತಿರುಗಿಸಿ, ಜಲ್ಲಿಯೇ ಉಂಡೆ ಅರೆಯುತ್ತದೆ. ನಂತರ ಸಿಮೆಂಟ್, ಮರಳು, ಕೊನೆಗೆ ಉಳಿದ ನೀರಲ್ಲಿ ಕಲಸಿದ ಸೂಪರ್‌ಪ್ಲಾಸ್ಟಿಸೈಸರ್ (ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲ ಮಾಡುವ ರಾಸಾಯನಿಕ). ಇನ್ನೂ 5 ನಿಮಿಷ. ಮರಳಿನ ತೇವ ಸೇರಿ ನೀರು ಚೀಲಕ್ಕೆ 21 ಲೀಟರ್ ದಾಟಬಾರದು.

ಇನ್ನು ಬಿರುಕು. ಈ ಕಾಂಕ್ರೀಟಿನ ಒಳಗಿಂದ ಮೇಲಕ್ಕೆ ನೀರು ಏಳುವುದಿಲ್ಲ, ಅದಕ್ಕೇ ಗಾಳಿಗೆ ಬೇಗ ಒಣಗಿ ಸೀಳುತ್ತದೆ. ಬೆಳಿಗ್ಗೆ 6ಕ್ಕೇ ಸುರಿದು, ಮಟ್ಟ ಮಾಡಿದ ಕೂಡಲೇ ಪ್ಲಾಸ್ಟಿಕ್ ಹೊದಿಸಿದೆವು. ಗಟ್ಟಿಯಾದ ಮೇಲೆ ಒದ್ದೆ ಗೋಣಿ, 10 ದಿನ.